ನೀರು ನಿಲ್ಲಬಾರದ ಕಟ್ಟೆ

ಕಟ್ಟೆ ಕಟ್ಟುವುದು ನೀರು ನಿಲ್ಲಿಸುವುದಕ್ಕೆ ಎಂದು ಎಂಥ ದಡ್ಡನಿಗೂ ಗೊತ್ತು. ಆತಗೂರು ಹೋಬಳಿಯ ಒಂದು ಹಳ್ಳಿಯಲ್ಲಿ ನಾನು ನಿಂತು ಕಟ್ಟಿಸಿದ ಕಟ್ಟೆ ಮಾತ್ರ ಖಾಲಿ ಇರುವುದಕ್ಕೆ ಕಟ್ಟಿದ್ದು. ಇದನ್ನು ಊರಿನವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಅವರು ನಕ್ಕರು. ಅದೇ ಮಾತನ್ನು ನನ್ನ ಮೇಲಿನವರಿಗೂ ಹೇಳಿ ಬೈಸಿಕೊಳ್ಳಬೇಕಾಗುತ್ತದೆಂದು ಆಗ ಎಣಿಸಿರಲಿಲ್ಲ.

ಅದು ಮೂವತ್ತರ ದಶಕ. ಮಂಡ್ಯದ ಕಡೆಗೆ ನಾಲೆ ಬಂದು ಹೊಲಗಳೆಲ್ಲ ಗದ್ದೆಯಾಗುತ್ತಿದ್ದ ಕಾಲ. ನಾನು ಕೆರೆ ರಸ್ತೆಗಳನ್ನು ನೋಡಿಕೊಳ್ಳುವ ಮರಾಮತ್ತು ಇಲಾಖೆಯಲ್ಲಿ ಓವರ್ಸಿಯರ್, ಮದ್ದೂರಿನಲ್ಲಿ ಠಿಕಾಣಿ. ಈ ಹಳ್ಳಿಯ ಮೇಲಿನ ಗುಡ್ಡಗಳಿಂದ ಇಳಿಯುವ ಹಳ್ಳ ವರ್ಷವೆಲ್ಲ ಬರೀ ಮರಳು. ಹಿಂಗಾರಿನಲ್ಲಿ ಯಾವುದೋ ಒಂದು ದಿನ ಅದಕ್ಕೆ ಹುಚ್ಚು ಹಿಡಿಯುತ್ತಿತ್ತು. ಕೂಲಿಯವರೂ ಕುಂಬಾರರೂ ಇದ್ದ ಕೆಳಗಿನ ಬೀದಿಯ ಮಣ್ಣಿನ ಗೋಡೆಗಳನ್ನು ಅದು ಹಲವು ಸಲ ನೆಕ್ಕಿಹಾಕಿತ್ತು. ಆಗೆಲ್ಲ ಸರ್ಕಾರ ಮಿಸುಕಲಿಲ್ಲ. ಒಂದು ವರ್ಷ ಅದೇ ನೀರು ನಿಡಘಟ್ಟದ ಹತ್ತಿರ ಬೆಂಗಳೂರು ರಸ್ತೆಯನ್ನು ಕಡಿದು ದೊಡ್ಡವರ ಮೋಟಾರುಗಳು ನಿಂತವು ನೋಡಿ, ಸರ್ಕಾರ ಎದ್ದು ಕೂತಿತು. ಹೀಗೆ ಈ ಕಟ್ಟೆ ಹುಟ್ಟಿತು.

ಅದರ ಕೆಲಸ ಸುಲಭ. ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಏರಿ. ಏರಿಯ ತಳದಲ್ಲಿ ಚಪ್ಪಡಿ ಕಲ್ಲಿನ ಒಂದು ಕಂಡಿ. ನೋಡಲು ತೂಬಿನ ಹಾಗೇ ಇದ್ದರೂ ಅದಕ್ಕೆ ಮುಚ್ಚಳವಿಲ್ಲ. ಪ್ರವಾಹ ಬಂದಾಗ ನೀರು ಏರಿಯ ಹಿಂದೆ ತುಂಬಿಕೊಂಡು, ಕಂಡಿಯಲ್ಲಿ ಹಿಡಿಸಿದಷ್ಟೇ ಹೊರಗೆ ಹೋಗಿ, ಕೆಲವು ದಿನಗಳಲ್ಲಿ ಬರಿದಾಗಬೇಕು. ಮಿತಿ ಮೀರಿದರೆ ಪಕ್ಕದ ಕೋಡಿಯ ಮೇಲೆ ಹರಿಯಬೇಕು. ನೀರು ನಿಲ್ಲುವ ಕೆರೆಯ ಏರಿಗೆ ಒಡಲಿನಲ್ಲಿ ಜೇಡಿಮಣ್ಣಿನ ಗೋಡೆ ಇರುತ್ತದೆ. ಇದಕ್ಕೆ ಬೇಕಿರಲಿಲ್ಲ, ಹಾಕಿರಲಿಲ್ಲ. ಕಲ್ಲುಕುಟಿಗರು ಮಾತ್ರ ನಾನಿಲ್ಲದ ಹೊತ್ತಿನಲ್ಲಿ, ಕೆರೆಗಳಿಗೆ ಮಾಡುವ ರೂಢಿಯಂತೆ, ಕೋಡಿಯ ಮೇಲೆ ಸಾಲಾಗಿ ಕಲ್ಲು ನೆಟ್ಟುಬಿಟ್ಟರು. ಕೀಳಿಸಿ ಎಂದು ನಾನು ಕೂಗಾಡಿದೆ. ನಮ್ಮ ಇಂಜಿನಿಯರ್ ಸಾಹೇಬರು, "ನೋಡಕ್ಕೆ ಲಕ್ಷಣವಾಗಿದೆ, ಇರಲಿ ಬಿಡ್ರೀ" ಎಂದರು.

ಮುಂಗಾರು ಮುಗಿಯುವ ವೇಳೆಗೆ ನನ್ನನ್ನು ಮಳವಳ್ಳಿ ಕಡೆಯ ಒಂದು ಸೇತುವೆ ಕೆಲಸಕ್ಕೆ ಕಳಿಸಿದ್ದರು. ಮುಗಿಸಿಕೊಂಡು ಬಂದು, ನಿಡಘಟ್ಟದಿಂದ ಸೈಕಲ್ ತುಳಿಯುತ್ತ ಹಳ್ಳಿಯ ದಿಬ್ಬ ಹತ್ತಿದರೆ ಏರಿಯ ಹಿಂದೆ ಏನೋ ಫಳಫಳ ಹೊಳೆಯಿತು. ನೀರು! ಎಮ್ಮೆಗಳು ಈಜುತ್ತಿದ್ದವು. ಹೆಂಗಸರು ಏರಿಯ ಒಳಮೈಗೆ ಹೊದಿಸಿದ ಕಲ್ಲುಕಟ್ಟಡದ ಮೇಲೆ ಬಟ್ಟೆ ಒಗೆಯುತ್ತಿದ್ದರು. ಸೈಕಲ್ ಅಲ್ಲೇ ಬಿಸಾಡಿ ಓಡಿದೆ.

ಏರಿಯ ಮೇಲೆ ಊರ ಪಟೇಲರು ಮೀಸೆ ತಿರುವುತ್ತ ನಿಂತಿದ್ದರು. ಒಳ್ಳೆಯ ಮನುಷ್ಯ; ಕಟ್ಟೆ ಕಟ್ಟುವಾಗ ನನಗೆ ಎಷ್ಟೋ ಸಲ ಅನ್ನ ಹಾಕಿದ್ದವರು.

"ನೋಡಿ ಸ್ವಾಮಿ, ಎಂಗ್ ತುಂಬವ್ಳೆ ಗಂಗಮ್ಮ!" ಎಂದರು.

"ಕಂಡಿ ಏನಾಯ್ತು ಪಟೇಲರೆ?"

"ಮುಚ್ಚುಸ್ದೊ."

ಕೋಡಿಯ ಕಡೆ ನೋಡಿದೆ. ನೆಟ್ಟ ಕಲ್ಲುಗಳ ಸಂದಿಗೆಲ್ಲ ಹುಲ್ಲುಹೆಂಟೆ ಅಡಕಿ, ಮೇಲೆ ಮಣ್ಣು ಮೆತ್ತಿ, ಅಡ್ಡಗೋಡೆಯನ್ನೇ ಎಬ್ಬಿಸಿದ್ದರು. ಆ ಕಡೆಯ ಕೆರೆಗಳಲ್ಲೆಲ್ಲ ಮಳೆಗಾಲದ ಕೊನೆಗೆ ಹೀಗೆ ಮಾಡಿ ಇನ್ನಷ್ಟು ನೀರು ಹಿಡಿಯುವುದು ವಾಡಿಕೆ. ಕೋಡಿ ಕಂಡ ಕೈ ಸುಮ್ಮನಿರುವುದಿಲ್ಲ. ಪಕ್ಕದಲ್ಲಿ ಹಲ್ಲು ಕಿರಿಯುತ್ತಿದ್ದ ನೀರುಗಂಟಿಯನ್ನು, ಅಂದರೆ ಊರಿನ ನೀರು ಬಿಡುವ ಕಟ್ಟುವ ಆಳನ್ನು, ಕೇಳಿದೆ: "ಯಾಕಯ್ಯ ಮುಚ್ಚಿದೆ?"

"ಗೌಡ್ರು ಯೋಳುದ್ರು, ಮುಚ್ದೆ. ಬಾಯಿ ಅಂದ್ಮೇಲೆ ಮುಚ್ಚಾಕೆ ಅಲ್ವಾ ಸ್ವಾಮಿ ಇರಾದು?"

ಆ ಮಾತು ನನಗೇ ಅನ್ವಯಿಸಿತೋ ಏನೋ, ಸುತ್ತ ಇದ್ದವರು ಗೊಳ್ಳೆಂದು ನಕ್ಕರು. ಪಟೇಲರು ನಗಲಿಲ್ಲ. "ಮಂಡ್ಯದೋರ್ಗೆ ನಾಲೆ ಬಂತು. ಒಳಲು ಊರ್ ಕಡೆಯೋರು ಕಬ್ಬು ಆಕವ್ರೆ. ನಮ್ ಕಡೀಕ್ ಯಾವ ದ್ಯಾವ್ರು ತಿರುಗ್ ನೋಡ್ದ? ಒಂದ್ ಬೊಗ್ಸೆ ನೀರ್ ನಿಂತದೆ, ಇದುನ್ನೂ ಬುಟ್ಬುಡಿ ಅಂತೀರಲ್ಲ ಸ್ವಾಮಿ" ಎಂದರು.

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತಂದಿತು.

ಏರಿಯ ಹೊರಮೈ ಇಳಿದು ಬುಡಕ್ಕೆ ಹೋದೆ. ಕಂಡಿಯಿಂದ ಸ್ವಲ್ಪ ದೂರದಲ್ಲಿ, ಹುಲ್ಲಿನ ನಡುವೆ, ಒಂದು ಕಡೆ ಹಸಿ ಜೇಡಿಮಣ್ಣು ಬಳಿದಿದ್ದರು. ಅಲ್ಲಿ ನೀರು ಜಿನುಗುತ್ತಿತ್ತಂತೆ, ಅದಕ್ಕೇ ಮೆತ್ತಿದರಂತೆ. ಒಳಗಿನಿಂದ ಬರುವ ನೀರಿಗೆ ಹೊರಗಿನಿಂದ ಮಣ್ಣು ಮೆತ್ತಿದರೆ ಅದು ಸುಮ್ಮನಾಗುತ್ತದೆಯೇ? ಪಕ್ಕದಲ್ಲೇ ಹೊಸ ದಾರಿ ಮಾಡಿಕೊಂಡು, ನೆಲದಿಂದ ಕುದಿಯುವ ಅನ್ನದ ಎಸರಿನ ಹಾಗೆ ಗುಳುಗುಳು ಎದ್ದು ಬರುತ್ತಿತ್ತು. ಚೀಲದಲ್ಲಿದ್ದ ಔಷಧಿಯ ಗಾಜಿನ ಶೀಶೆಯನ್ನು ಖಾಲಿ ಮಾಡಿ ಆ ನೀರನ್ನು ತುಂಬಿಕೊಂಡು ಬಿಸಿಲಿಗೆ ಹಿಡಿದೆ. ಏರಿಯ ಬುಡದಲ್ಲಿ ನೀರು ಜಿನುಗಿದರೆ ಹೆದರಬೇಕಾಗಿಲ್ಲ. ತಿಳಿಯಾಗಿದ್ದರೆ ಅದು ಬರೀ ನೀರು. ಕದಡಿದ್ದರೆ ಏರಿಯೇ ಒಳಗಿನಿಂದ ಕರಗಿ ಹೊರಗೆ ಬರುತ್ತಿದೆ ಎಂದರ್ಥ. ಶೀಶೆಯ ತಳದಲ್ಲಿ ಕೆಂಪು ಗಸಿ ಕೂತಿತು. ನಾನೇ ನಿಂತು ತುಳಿಸಿದ ಮಣ್ಣು ಅದು.

ತಲೆಯೆತ್ತಿದರೆ ಎದುರಿಗೇ ಕೆಳಗಿನ ಬೀದಿ. ಯಾರೋ ಹೆಂಗಸು ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು.

ಹಾಗೇ ಮದ್ದೂರಿಗೆ ಹೋಗಿ ಇಂಜಿನಿಯರ್ ಸಾಹೇಬರ ಮೇಜಿನ ಮೇಲೆ ಆ ಶೀಶೆ ಇಟ್ಟೆ.

"ಇದೇನ್ರೀ, ಕಷಾಯವೆ?"

"ನಮ್ಮ ಏರಿ, ಸಾರ್. ಕರಗ್ತಾ ಇದೆ."

ಎಲ್ಲ ಕೇಳಿ ಅವರು ಕನ್ನಡಕ ಒರೆಸಿಕೊಂಡರು. ಪಟೇಲರು ಆಗಲೇ ಅಮಲ್ದಾರರನ್ನು ಕಂಡಿದ್ದರಂತೆ. ಕಟ್ಟೆ ತುಂಬಿದ ಸಂತೋಷಕ್ಕೆ ಮೈಸೂರಿನಿಂದ ದೊಡ್ಡ ಸಾಹೇಬರೊಬ್ಬರು ಮುಂದಿನ ವಾರ ಶುಕ್ರವಾರ ಬಂದು ಬಾಗಿನ ಬಿಡುವುದೆಂದು ನಿಗದಿಯಾಗಿತ್ತಂತೆ. "ಶುಕ್ರವಾರ ಕಳೀಲಿ. ಶನಿವಾರ ಬೆಳಿಗ್ಗೆ ಕಂಡಿ ತೆಗೆಸಿಬಿಡಿ, ಮುಗೀತು" ಎಂದರು.

"ಮುಗಿಯಲ್ಲ ಸಾರ್. ಈ ನೀರನ್ನ ಒಂದೇ ಸಲ ಬಿಡೋ ಹಾಗಿಲ್ಲ. ಏರಿಯ ಒಳಮೈ ನೆಂದು ಮೆತ್ತಗಾಗಿದೆ. ಎದುರಿಗಿರೋ ನೀರೇ ಅದಕ್ಕೆ ಆಸರೆ. ಸರಕ್ಕನೆ ನೀರು ಇಳಿಸಿದರೆ ಒಳಮೈ ಕುಸಿದು ಬೀಳುತ್ತೆ. ದಿನಕ್ಕಿಷ್ಟು ಅಂತ ನಿಧಾನವಾಗಿ ಇಳಿಸಬೇಕು. ಈವತ್ತೇ ಶುರು ಮಾಡಬೇಕು. ನಡುವೆ ಒಂದು ದೊಡ್ಡ ಮಳೆ ಬಿದ್ದರೆ ಕೋಡಿಗೂ ದಾರಿ ಇಲ್ಲ, ಹುಲ್ಲು ಅಡಕಿದ್ದಾರೆ. ನೀರು ಏರಿಯ ಮೇಲೇ ಹರಿಯುತ್ತೆ. ಕೆಳಗೆ ಜನ ಇದ್ದಾರೆ."

"ಮಳೆ ಬರುತ್ತೆ ಅಂತ ನಿಮಗೆ ತಂತಿ ಬಂದಿದೆಯೇನ್ರೀ?"

"ಬರಲ್ಲ ಅಂತ ತಮಗೆ ಬಂದಿದೆಯೇ ಸಾರ್?"

ಇಲಾಖೆಯಲ್ಲಿ ಹೀಗೆ ಮಾತಾಡುವ ಸಂಪ್ರದಾಯ ಇರಲಿಲ್ಲ. ಅವರು ಎದ್ದು ನಿಂತರು. "ಶುಕ್ರವಾರದ ತನಕ ಆ ನೀರಿಗೆ ನೀವು ಕೈ ಹಾಕಕೂಡದು. ಇದು ಆರ್ಡರ್."

"ಹಾಗಾದರೆ ಬರೆದು ಕೊಡಿ ಸಾರ್. ಏರಿ ಒಡೆದರೆ ತೋರಿಸಬೇಕಾಗುತ್ತೆ."

ಅವರು ಬರೆದುಕೊಡಲಿಲ್ಲ. ನಾನು ನಮಸ್ಕಾರ ಹೇಳಿ ಹೊರಟೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಇಲಾಖೆಗೆ ಉಳಿದವರ ಹಾಗೆ ನಾನೂ ತಲೆಬಾಗಿ ಬದುಕಬಹುದಿತ್ತು. ನಮ್ಮ ತಂದೆ ಮೇಷ್ಟರು. ಸರ್ಕಾರದ ಅನ್ನ ತಿನ್ನುವವನು ಮೇಲಿನವರಿಗೆ ಎದುರಾಡಬಾರದೆಂದು ಹೇಳಿಯೇ ನನ್ನನ್ನು ಕೆಲಸಕ್ಕೆ ಕಳಿಸಿದ್ದರು. ಆದರೆ ಆ ಏರಿಗೆ ಮಣ್ಣು ಹೊತ್ತವರು ಕೆಳಗಿನ ಬೀದಿಯವರು. ಇನ್ನು ನಿಮ್ಮ ಗೋಡೆ ಬೀಳುವುದಿಲ್ಲ ಎಂದು ಅವರಿಗೆ ಹೇಳಿ ಹೊರಿಸಿದವನು ನಾನು. ಆ ಮಾತನ್ನು ಒಂದು ಬಾಗಿನಕ್ಕೋಸ್ಕರ ಸುಳ್ಳು ಮಾಡುವುದಕ್ಕೆ ನನಗೆ ಮನಸ್ಸಿರಲಿಲ್ಲ. ನೀರು ಇಳಿಸಿಯೇ ತೀರುವುದೆಂದು ದಾರಿಯಲ್ಲೇ ತೀರ್ಮಾನಿಸಿದೆ.

ಮರುದಿನ ಬೆಳಗಾಗುತ್ತಲೇ ಕೆಳಗಿನ ಬೀದಿಯ ಗಂಡಸರು ಹೆಂಗಸರು ಎಲ್ಲರನ್ನೂ ಮಂಕರಿ ಸಮೇತ ಕರೆದೆ. ಮೊದಲು ಮೆತ್ತಿದ ಜೇಡಿಮಣ್ಣನ್ನು ಕೆರೆಸಿ ತೆಗೆದೆ. ನೀರು ಇನ್ನೂ ಜೋರಾಗಿ ಬಂದಾಗ ಅವರು ಹೆದರಿ ಹಿಂದೆ ಸರಿದರು. ಹಳ್ಳದ ಮರಳು ತರಿಸಿ ಆ ಜಾಗದ ಮೇಲೆ ಹರಡಿದೆ. ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಕೊನೆಗೆ ಕಲ್ಲು. ರಾಗಿ ಜರಡಿಯ ಲೆಕ್ಕವೇ ಇದು: ನೀರು ಹೊರಗೆ ಹೋಗಲಿ, ಮಣ್ಣು ಒಳಗೇ ಉಳಿಯಲಿ. ಬಹಳ ಹೊತ್ತಿನ ಮೇಲೆ ಕಲ್ಲುಗಳ ಸಂದಿಯಿಂದ ಬರುತ್ತಿದ್ದ ಕೆಂಪು ನೀರು ತೆಳುವಾಯಿತು. ಇಷ್ಟರಿಂದ ಏರಿ ಉಳಿಯುವುದಿಲ್ಲ, ನೀರು ಇಳಿಸುವಷ್ಟು ಕಾಲ ಸಿಕ್ಕಿತು ಅಷ್ಟೆ. ಹಾರೆ ಹಿಡಿದು ಕೋಡಿಗೆ ಹೋದೆ.

ಹೋದರೆ ಕೋಡಿಯ ಮೇಲೆ ಪಟೇಲರ ಹೆಂಡತಿ ಕೂತಿದ್ದರು. ಊರಿಗೆಲ್ಲ ಅವರು ಗೌಡತಿ. ಹಣೆಯಲ್ಲಿ ಕಾಸಿನಗಲ ಕುಂಕುಮ, ಧ್ವನಿ ಆತಗೂರಿಗೆ ಕೇಳಿಸುವಂಥದು. ಹಿಂದೆ ಪಟೇಲರೂ ಊರ ಗಂಡಸರೂ ನಿಂತಿದ್ದರು.

"ಓರ್ಸೀರಪ್ಪ, ಎಲ್ಲಿಗ್ ಬಂದೆ ಆರೆ ಇಡ್ಕಂಡು?"

"ಹುಲ್ಲು ಕೀಳಕ್ಕೆ ಬಂದೆ ಕಣಮ್ಮ. ಏಳಿ."

"ಏಳಕ್ಕಿಲ್ಲ. ಮುತ್ತೈದೆ ಮನೀಗ್ ಬಂದವ್ಳೆ. ಅರಿಸ್ನ ಕುಂಕ್ಮ ಕೊಡ್ದೆ ಕತ್ ಇಡ್ದು ಆಚೀಗ್ ನೂಕ್ತೀಯಾ? ನಿಮ್ಮನೇಲಿ ಎಣ್ಮಕ್ಕಳ್ನ ಇಂಗೇಯಾ ಕಳ್ಸಾದು?"

ಏರಿಯ ಲೆಕ್ಕ, ಮಣ್ಣಿನ ಗುಣ, ಮಳೆಯ ಭಯ ಎಲ್ಲ ಹೇಳಿದೆ. ಅವರು ಎಲೆಯಡಿಕೆ ಜಗಿಯುತ್ತ ಕೇಳಿಸಿಕೊಂಡರು. ಕೂತಲ್ಲಿಂದ ಒಂದಿಷ್ಟೂ ಅಲ್ಲಾಡಲಿಲ್ಲ. ಪಟೇಲರು, "ಕೈಗ್ ಬಂದ ತುತ್ತು ಬಾಯಿಗ್ ಬರ್ದಂಗ್ ಮಾಡ್ತಿದ್ದೀರಲ್ಲ ಸ್ವಾಮಿ" ಎಂದರು. ನನಗೆ ರೇಗಿಹೋಯಿತು. ಹಾರೆಯನ್ನು ನೆಲಕ್ಕೆ ಕುಕ್ಕಿ ಕೂಗಿದೆ:

"ಹೌದಮ್ಮ, ತವರಿಗೆ ಬಂದ ಮಗಳು. ಬಂದ ಮಗಳಿಗೆ ಉಣ್ಣಿಸ್ತಾರೆ, ಮಡಿಲು ತುಂಬ್ತಾರೆ, ಗಂಡನ ಮನೆಗೆ ಕಳಿಸ್ತಾರೆ. ನೀವೇನು ಮಾಡಿದ್ದೀರಿ? ಹಿತ್ತಲ ಬಾಗಿಲೂ ಮುಂಬಾಗಿಲೂ ಹಾಕಿ ಕೂಡಿಹಾಕಿದ್ದೀರಿ! ಹೋಗಲೇಬೇಕಾದವಳನ್ನ ಕೂಡಿಹಾಕಿದರೆ ಗೋಡೆ ಒಡ್ಕೊಂಡು ಹೋಗ್ತಾಳೆ. ಆವಾಗ ಒಬ್ಬಳೇ ಹೋಗಲ್ಲ, ಆ ಕೆಳಗಿನ ಬೀದಿ ಮಕ್ಕಳನ್ನೆಲ್ಲ ಸೊಂಟಕ್ಕೆ ಏರಿಸ್ಕೊಂಡು ಹೋಗ್ತಾಳೆ. ಬನ್ನಿ, ಬಂದು ನೋಡಿ ಅವಳು ಗೋಡೆ ಕೆರೀತಿರೋದನ್ನ!"

ಗೌಡತಿಯ ಮೇಲೆ ಹಾಗೆ ಕೂಗಾಡಿದವರು ಆ ಊರಿನಲ್ಲಿ ಇರಲಿಲ್ಲವಂತೆ. ಅವರು ಎದ್ದು, ಯಾರನ್ನೂ ನೋಡದೆ, ಏರಿ ಇಳಿದು ಬುಡಕ್ಕೆ ಬಂದರು. ಕಲ್ಲಿನ ಸಂದಿಯಿಂದ ಬರುತ್ತಿದ್ದ ನೀರಿಗೆ ಬೊಗಸೆ ಹಿಡಿದರು. ಬೆರಳುಗಳ ನಡುವೆ ಇನ್ನೂ ಒಂದಿಷ್ಟು ಕೆಮ್ಮಣ್ಣು ಉಳಿಯಿತು. ಅದನ್ನೂ ಬೀದಿಯನ್ನೂ ಒಂದು ಸಲ ನೋಡಿದರು.

"ನಮ್ ಮಗಳ್ನ ಕಳ್ಸೋರು ನಾವು, ನೀನಲ್ಲ" ಎಂದರು ನನಗೆ. "ಬರಿಗೈಲಿ ಮಾತ್ರ ಕಳ್ಸಕ್ಕಿಲ್ಲ. ನಿಂತ್ಕೊ ಅಲ್ಲೇ."

ನಿಂತೆ. ಬಿಸಿಲು ಏರಿತು, ಗುಡ್ಡದ ಮೇಲೆ ಮೋಡವೂ ಏರಿತು. ಹಾರೆ ಹಿಡಿದ ಕೈ ಕಡಿಯುತ್ತಿತ್ತು. ಕೊನೆಗೆ ಗೌಡತಿ ಸೊಸೆಯರ ಜೊತೆ ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಬಳೆ, ರವಿಕೆ ಕಣ ಇಟ್ಟುಕೊಂಡು ಬಂದು ನೀರಿಗೆ ಮಡಿಲಕ್ಕಿ ಬಿಟ್ಟರು. ಬಿಡುವಾಗ ನಿಜವಾಗಿಯೂ ಅತ್ತರು. ಪಟೇಲರು ಏನೋ ಹೇಳಲು ಬಾಯಿ ತೆರೆದರು. "ಸುಮ್ಕಿರಿ ನೀವು. ತುಂಬ್ಸಿ ಆಯ್ತು, ಇನ್ ಓಗ್ಬೇಕು ಅವ್ಳು" ಎಂದು ಗೌಡತಿ ಅಂದ ಮೇಲೆ ಪಟೇಲರದೂ ಮುಗಿಯಿತು, ಊರಿನದೂ ಮುಗಿಯಿತು.

ಕೋಡಿಯ ಹುಲ್ಲುಹೆಂಟೆಗಳನ್ನು ಮೇಲಿನಿಂದ ಒಂದೊಂದೇ ವರಸೆಯಾಗಿ ಕಿತ್ತೆವು. ಒಂದು ವರಸೆ ಕಿತ್ತು, ನೀರು ಇಳಿಯುವ ತನಕ ಕಾದು, ಮತ್ತೊಂದು ವರಸೆ. ಆ ಕೆಲಸವೇ ಮರುದಿನಕ್ಕೂ ಹಿಡಿಯಿತು. ನೀರು ಕೋಡಿಯ ಮಟ್ಟಕ್ಕೆ ಇಳಿದ ಮೇಲೆ ಉಳಿದದ್ದು ಕಂಡಿ. ಅದಕ್ಕೆ ಒಳಗಿನಿಂದ ಚಪ್ಪಡಿ ಒರಗಿಸಿ ಸಂದಿಗೆ ರಾಗಿಹುಲ್ಲಿನ ಸಿಂಬಿ ತುರುಕಿ ಜೇಡಿ ಬಡಿದಿದ್ದರು. ಚಪ್ಪಡಿಯನ್ನೇ ಎಳೆದರೆ ನೀರೆಲ್ಲ ಒಮ್ಮೆಗೇ ನುಗ್ಗುತ್ತಿತ್ತು. ಮುಳುಗಿ, ಸಿಂಬಿಗಳನ್ನು ಮಾತ್ರ ಒಂದೊಂದಾಗಿ ಎಳೆಯಬೇಕು.

ನಾನು ಅಂಗಿ ಕಳಚಿ ಪಂಚೆ ಬಿಗಿದೆ. ಶಿಂಷಾ ಹೊಳೆಯಲ್ಲಿ ಈಜು ಕಲಿತವನು ನಾನು. ಮೊದಲ ಸಿಂಬಿ ಸಲೀಸಾಗಿ ಬಂತು. ಎರಡನೆಯದನ್ನು ಕಿತ್ತಾಗ ಆ ತೂತು ನನ್ನ ಕೈಯನ್ನೇ ಭುಜದ ತನಕ ಒಳಗೆಳೆದುಕೊಂಡಿತು. ಎಷ್ಟು ಒದ್ದಾಡಿದರೂ ಬಿಡಲಿಲ್ಲ. ಕಿವಿಯಲ್ಲಿ ನಗಾರಿ ಬಡಿದಂತಾಯಿತು. ಆಮೇಲೆ ಯಾರೋ ಜುಟ್ಟು ಹಿಡಿದು ಎಳೆದರು. ಮೇಲೆ ಬಂದು ಕೆಮ್ಮುತ್ತ ನೋಡಿದರೆ ನೀರುಗಂಟಿ.

"ಎದುರ್ಗಡೆಯಿಂದ ಕೈ ಆಕ್ಬೋದಾ ಸ್ವಾಮಿ? ಮಗ್ಗುಲಿಂದ ಆಕ್ಬೇಕು. ಸಾಯಾಕೆ ಬಂದ್ರಾ ನೀರ್ ಬುಡಾಕೆ ಬಂದ್ರಾ?"

"ಮುಚ್ಚಿದವನು ನೀನೇ ಅಲ್ಲವೇನಯ್ಯ! ಬಾ, ನೀನೇ ಕೀಳು" ಎಂದೆ. ಉಳಿದದ್ದನ್ನು ಇಬ್ಬರೂ ಸೇರಿ, ದಿನಕ್ಕಿಷ್ಟು ಎಂದು, ಜಗಳವಾಡುತ್ತ ಕಿತ್ತೆವು.

ಶುಕ್ರವಾರ ಮೋಟಾರುಗಳು ಬಂದವು. ಅಮಲ್ದಾರರು, ನಮ್ಮ ಇಂಜಿನಿಯರ್ ಸಾಹೇಬರು, ರುಮಾಲು ಸುತ್ತಿದ ಮೈಸೂರಿನ ದೊಡ್ಡ ಸಾಹೇಬರು. ವಾಲಗದವರು ಊದುತ್ತ ಏರಿ ಹತ್ತಿ, ಆ ಕಡೆ ನೋಡಿ, ಊದುವುದನ್ನು ನಿಲ್ಲಿಸಿದರು. ಏರಿಯ ಹಿಂದೆ ಕೆಸರು. ಕೆಸರಿನಲ್ಲಿ ಬೆಳ್ಳಕ್ಕಿಗಳು ಏಡಿ ಹೆಕ್ಕುತ್ತಿದ್ದವು.

"ನೀರೆಲ್ಲಿ?" ಎಂದರು ದೊಡ್ಡ ಸಾಹೇಬರು.

"ಇರಬಾರದು ಅಂತಲೇ ಕಟ್ಟಿದ ಕಟ್ಟೆ ಸ್ವಾಮಿ. ಇಲ್ಲ" ಎಂದೆ.

ಇಂಜಿನಿಯರ್ ಸಾಹೇಬರ ಮುಖ ಬೆಂದ ಬದನೆಕಾಯಿಯಾಗಿತ್ತು. ನನ್ನನ್ನು ಪಕ್ಕಕ್ಕೆ ಕರೆದು, "ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ, ನಾನು ಸಂಭಾಳಿಸ್ತೀನಿ" ಎಂದರು. ಅವರು ಕೆಟ್ಟವರಲ್ಲ, ಹೆದರಿದವರು.

"ಹೇಳಲ್ಲ ಸಾರ್."

"ಮಳವಳ್ಳಿಗೆ ಹಾಕಿಬಿಡ್ತಾರ್ರೀ."

"ಹಾಕಲಿ. ಅಲ್ಲೂ ಹಳ್ಳ ಇವೆ."

ಹಾಕಿದರು. ಹೋಗುವುದರೊಳಗೆ ನಾನು ಎರಡು ಕೆಲಸ ಮಾಡಿಸಿದೆ. ಒಳಮೈಯಲ್ಲಿ ನೀರು ಹೊಕ್ಕಿದ್ದ ಜಾಗವನ್ನು ಅಗೆಸಿ, ಮಣ್ಣು ತುಂಬಿ ತುಳಿಸಿ, ಏರಿಯ ಬುಡದಲ್ಲಿ ಮರಳು ಕಲ್ಲಿನ ಚರಂಡಿ ಹಾಕಿಸಿದೆ. ಕೋಡಿಯ ಮೇಲಿನ ಆ ಲಕ್ಷಣವಾದ ಕಲ್ಲುಗಳನ್ನೆಲ್ಲ ಕೀಳಿಸಿ ಕಲ್ಲುಕಟ್ಟಡಕ್ಕೆ ಸೇರಿಸಿದೆ. ಅದಕ್ಕೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಚಿತ್ತೆ ಮಳೆಯಲ್ಲಿ ಒಂದು ದಿನ ಆಕಾಶ ಕಿತ್ತುಕೊಂಡು ಬಿತ್ತು. ಮಳವಳ್ಳಿಯ ಬಾಡಿಗೆ ಮನೆಯಲ್ಲಿ ಸೂರಿನ ನೀರು ನೋಡುತ್ತ ನನಗೆ ಕೂಳು ಇಳಿಯಲಿಲ್ಲ. ಬೆಳಗ್ಗೆ ಮಳೆ ಹೊಳವಾದ ಕೂಡಲೇ, ರಜ ಕೇಳದೆ, ಸಿಕ್ಕಿದ ಬಸ್ಸು ಹತ್ತಿ ಮದ್ದೂರಿಗೆ ಬಂದು, ಅಲ್ಲಿಂದ ಕೆಸರಿನಲ್ಲಿ ನಡೆದೆ. ದಾರಿಯುದ್ದಕ್ಕೂ ಒಡೆದ ಬದುಗಳು, ಬಿದ್ದ ಮರಗಳು. ದಿಬ್ಬ ಹತ್ತುವಾಗ ಕಣ್ಣು ಮುಚ್ಚಿಕೊಂಡೇ ಹತ್ತಿದೆ ಎಂದರೂ ಸರಿಯೇ.

ಏರಿ ನಿಂತಿತ್ತು. ಹಿಂದೆ ಕೆಂಪು ನೀರು ಅಂಚಿನ ತನಕ ತುಂಬಿತ್ತು. ಕೋಡಿಯ ಮೇಲೆ ಅಡ್ಡಿಯಿಲ್ಲದೆ ಹರಿಯುತ್ತಿತ್ತು. ಕಂಡಿಯ ಬಾಯಿ ಬೋರಿಡುತ್ತಿತ್ತು. ಓಡಿಹೋಗಿ ಬುಡದ ಚರಂಡಿಯ ನೀರನ್ನು ಅಂಗೈಯಲ್ಲಿ ಹಿಡಿದೆ, ತಿಳಿಯಾಗಿತ್ತು. ಕೆಳಗಿನ ಬೀದಿಯ ಗೋಡೆಗಳೆಲ್ಲ ನೆಟ್ಟಗೆ ನಿಂತಿದ್ದವು, ಸೂರುಗಳಿಂದ ಒಲೆಯ ಹೊಗೆ ಏಳುತ್ತಿತ್ತು. ನಾನು ಅಲ್ಲೇ ಹಸಿ ಹುಲ್ಲಿನ ಮೇಲೆ ಕುಸಿದು ಕೂತು ಅತ್ತೆ. ಅದನ್ನು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ.

ಇಂಜಿನಿಯರ್ ಸಾಹೇಬರೂ ಕೊಡೆ ಹಿಡಿದು ಅಲ್ಲಿಗೆ ಬಂದಿದ್ದರು. ಏರಿಯನ್ನು ಆ ತುದಿಯಿಂದ ಈ ತುದಿಗೆ ನಡೆದು ಬಂದು, ಗಂಟಲು ಸರಿಮಾಡಿಕೊಂಡು, "ಒಂದು ಕ್ಷಮಾಪಣೆ ಬರೆದುಕೊಡಿ, ಸಣ್ಣದು. ಮದ್ದೂರಿಗೆ ವಾಪಸು ಕರೆಸಿಕೊಳ್ತೀನಿ" ಎಂದರು.

"ಆ ಬೀದಿಗೆ ಹೋಗಿ ಕೇಳಿ ಸಾರ್, ಯಾರು ಯಾರಿಗೆ ಬರೆದುಕೊಡಬೇಕು ಅಂತ" ಎಂದೆ. ಅವರು ಹೋಗಲಿಲ್ಲ. ನಾನೂ ಬರೆಯಲಿಲ್ಲ. ಮಳವಳ್ಳಿಯಲ್ಲೇ ಉಳಿದೆ.

ಹೊರಡುವಾಗ ಗೌಡತಿ ಮೊರ ಹಿಡಿದು ಬರುತ್ತಿದ್ದರು. ತುಂಬಿದ ನೀರಿನ ಕಡೆಗೆ ಹೋಗದೆ ಏರಿ ಇಳಿದು, ನೀರು ಹೊರಗೆ ಧುಮುಕುವ ಕಂಡಿಯ ಬಾಯಿಗೆ ಬಂದು, ಮಡಿಲಕ್ಕಿಯನ್ನು ಅಲ್ಲಿ ಬಿಟ್ಟರು.

"ಓಯ್ತಾವ್ಳೆ ನೋಡು. ಓಗ್ಲಿ ಬುಡು" ಎಂದರು, ನನಗೋ ನೀರಿಗೋ. ಆಮೇಲೆ ನನ್ನ ಕಡೆ ತಿರುಗಿದರು. "ನಿನ್ ಮ್ಯಾಲೆ ನಂಗಿನ್ನೂ ಸಿಟ್ ಓಗಿಲ್ಲ ಓರ್ಸೀರಪ್ಪ. ಓಗೋ ನೀರ್ನ ಕಳ್ಸಕ್ ಬಂದೆ, ಕಳುಸ್ದೆ. ನಮ್ಗೆ ನಿಲ್ಲೋ ನೀರು?"

ಅಂಥ ನೀರು ನಮ್ಮ ಇಲಾಖೆಯ ಯಾವ ನಕ್ಷೆಯಲ್ಲೂ ಇರಲಿಲ್ಲ. ತಲೆ ತಗ್ಗಿಸಿ ನಿಂತೆ. ಆ ಇಡೀ ಪ್ರಕರಣದಲ್ಲಿ ನಾನು ತಲೆ ತಗ್ಗಿಸಿದ್ದು ಅದೊಂದೇ ಸಲ.

ಅವರು ಮೊರದಿಂದ ಒಂದು ತೆಂಗಿನಕಾಯಿ ತೆಗೆದು ನನ್ನ ಚೀಲದೊಳಕ್ಕೆ ತುರುಕಿದರು.

"ತಗೊ. ಯಾರ್ನೂವೆ ಬರಿಗೈಲಿ ಕಳ್ಸಕ್ಕಿಲ್ಲ ನಾವು. ಇನ್ನೊಂದ್ ದಪ ಬರೋವಾಗ ನೀನೂ ಬರಿಗೈಲಿ ಬರ್ಬ್ಯಾಡ."